ಬೆಳಕಿನ ಅಂಚಿಗೆ ಬಟ್ಟೆ ಬಿಟ್ಟವಳು

ನಮ್ಮ ಪ್ರಯೋಗಶಾಲೆಯ ಬಾಗಿಲ ಹಿಡಿಗೆ ಕೆಂಪು ಉಣ್ಣೆಯ ಕಾಲುಚೀಲ ನೇತಾಡುತ್ತಿದೆ ಎಂದರೆ ಒಳಗೆ ಒಂಟಿ ಬದುಕಿದೆ ಎಂದು ಅರ್ಥ. ಆಗ ಯಾರೇ ಬರಲಿ, ಪ್ರೊಫೆಸರ್ ಗ್ಯಾಲೋವೇ ಆದರೂ ಸರಿ, ಬೂಟು ಹೊರಗೆ ಕಳಚಿಟ್ಟು ಬೆಕ್ಕಿನ ಹೆಜ್ಜೆಯಲ್ಲಿ ಬರಬೇಕು. ಕುರ್ಚಿ ಎಳೆಯುವಂತಿಲ್ಲ. ಸೀನು ಬಂದರೆ ಓಣಿಗೆ ಓಡಬೇಕು. ಈ ಕಟ್ಟಳೆ ಮಾಡಿದವನು ನಾನು. ಕಾಲುಚೀಲವೂ ನನ್ನದೇ. ಅದರ ಹಿಮ್ಮಡಿಯ ತೂತು ಮುಚ್ಚಿದವಳು ಮಾತ್ರ ಅಸುಂತಾ ಮಾರ್ಕೆಟಿ. ನಮ್ಮಲ್ಲಿಗೆ ಕೆಲಸಕ್ಕೆ ಬಂದ ಮೊದಲ ವಾರದಲ್ಲೇ, ಯಾರನ್ನೂ ಕೇಳದೆ ಹೊಲಿದು ಮತ್ತೆ ಹಿಡಿಗೆ ಸಿಕ್ಕಿಸಿದ್ದಳು. ತೂತು ಎಲ್ಲಿತ್ತು ಎಂದು ಹುಡುಕಲು ನನಗೆ ಲೆನ್ಸು ನೋಡುವ ಭೂತಗನ್ನಡಿ ಬೇಕಾಯಿತು. ಅವಳ ಮೇಲಿನ ಹೊಟ್ಟೆಕಿಚ್ಚು ನನಗೆ ಹತ್ತಿಕೊಂಡದ್ದು ಅವತ್ತೇ.

ಒಂಟಿ ಎಂದು ನಾವು ಕರೆಯುತ್ತಿದ್ದುದನ್ನು ಪುಸ್ತಕದವರು ಸಾಲಿಟಾನ್ ಅನ್ನುತ್ತಾರೆ. ನಾನು ಈರಿ ಕಾಲುವೆಯ ದಂಡೆಯಲ್ಲಿ ಹುಟ್ಟಿದವನು. ಓಡುತ್ತಿದ್ದ ದೋಣಿ ತಟ್ಟನೆ ನಿಂತಾಗ ಅದರ ಮೂತಿಯಿಂದ ಒಂದು ನೀರಿನ ದಿಬ್ಬ ಬಿಡಿಸಿಕೊಂಡು, ಹರಡದೆ ಒಡೆಯದೆ, ಅದೇ ಮೈಕಟ್ಟಿನಲ್ಲಿ ಬಹಳ ದೂರ ಉರುಳಿ ಹೋಗುವುದನ್ನು ಕಂಡಿದ್ದೇನೆ. ನಮ್ಮದು ಅಂಥದ್ದೇ ಬೆಳಕಿನ ದಿಬ್ಬ. ನೂರು ಮೀಟರ್ ಉದ್ದದ, ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಉರುಳೆಗೆ ಸುತ್ತಿ, ಎರಡೂ ತುದಿ ಬೆಸೆದು, ಮರದ ಪೆಟ್ಟಿಗೆಯಲ್ಲಿಟ್ಟಿದ್ದೆವು. ದಿಬ್ಬ ಅದರೊಳಗೆ ಸೆಕೆಂಡಿಗೆ ಇಪ್ಪತ್ತು ಲಕ್ಷ ಸುತ್ತು ಹಾಕುತ್ತಿತ್ತು. ಸುತ್ತು ಸುತ್ತಿಗೂ ಒಂದಿಷ್ಟು ಬೆಳಕು ಸೋರಿ ಹೋಗುತ್ತದೆ. ಸೋರಿದ್ದನ್ನು ಲೇಸರ್ ತುಂಬಿಕೊಡುತ್ತಲೇ ಇರಬೇಕು. ಹಾಗೆ ತುಂಬುವ ಲೇಸರಿನ ಶ್ರುತಿಗೂ ಸುರುಳಿಯ ಶ್ರುತಿಗೂ ನಡುವೆ ಇಷ್ಟೇ ಎಂಬ ಅಂತರವಿದೆ. ಅಂತರ ತೀರ ಕಡಿಮೆಯಾದರೆ ಒಂಟಿ ಏದುಸಿರು ಬಿಟ್ಟು ಬಿಟ್ಟು ಕದಡಿ ಹೋಗುತ್ತದೆ. ಹೆಚ್ಚಾದರೆ ಊದಿದ ಮೇಣದ ಬತ್ತಿಯ ಹಾಗೆ ಪಕ್ಕನೆ ಆರುತ್ತದೆ. ಆರಿದ್ದು ತಾನಾಗಿ ಮತ್ತೆ ಹುಟ್ಟುವುದಿಲ್ಲ.

ಅದನ್ನು ಅಂಚಿನಾಚೆ ತಳ್ಳುವುದು ಗದ್ದಲ. ಕಿವಿಗೆ ಬೀಳುವುದಷ್ಟೇ ಅಲ್ಲ, ಲೇಸರಿನ ಒಳನಡುಕ, ನೆಲದ ಅದುರು, ಕೋಣೆಯ ಬಿಸಿಯ ಏರಿಳಿತ ಎಲ್ಲವೂ ನಮ್ಮ ಬಾಯಲ್ಲಿ ಗದ್ದಲವೇ. ನಮ್ಮೂರು ರಾಚೆಸ್ಟರಿನ ಚಳಿಗಾಲದಲ್ಲಿ ಹಿಮ ಕೆರೆಯುವ ಲಾರಿ ಬೀದಿಯಲ್ಲಿ ಹಾದರೆ ಸಾಕು, ಸುರುಳಿ ಒಂದು ಕೂದಲು ಹಿಗ್ಗುತ್ತದೆ, ಶ್ರುತಿ ಜಾರುತ್ತದೆ, ಒಂಟಿ ಹೋಗುತ್ತದೆ. ನಾನು ಆ ಗದ್ದಲದ ಹಗೆ. ಮೇಜಿನ ಕಾಲಿಗೆ ರಬ್ಬರು, ರಬ್ಬರಿನ ಕೆಳಗೆ ಮರಳಿನ ತಟ್ಟೆ, ಗೋಡೆಗೆ ಕಂಬಳಿ. ಗೋಡೆ ಗಡಿಯಾರ ಟಿಕ್ ಎನ್ನುತ್ತದೆಂದು ಕಿತ್ತು ಹೊರಗಿಟ್ಟೆ. ನಲವತ್ತು ವರ್ಷ ಕ್ಯಾಮೆರಾದ ಲೆನ್ಸು ಸಾಣೆ ಹಿಡಿದ ಕೈ ಇದು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ನನಗೆ ಕಲಿಸಿದ್ದು ಗಾಜು, ಆಮೇಲೆ ನನ್ನ ಕಣ್ಣು.

ಕೋಣೆಯ ಮೂಲೆಯಲ್ಲಿ ಬೂದು ಬಣ್ಣದ ಉಕ್ಕಿನ ಬೀರು. ಅದರ ಬಾಗಿಲ ಮೇಲೆ, ಲೆನ್ಸಿಗೆ ಗುರುತು ಹಾಕುವ ಹಳದಿ ಮೇಣದ ಕಡ್ಡಿಯಲ್ಲಿ, ಯಾರ ಕೈಯಲ್ಲಿ ಒಂಟಿ ಎಷ್ಟು ಹೊತ್ತು ಬದುಕಿತು ಎಂದು ಬರೆಯುವುದು ರೂಢಿ. ನಾಲ್ಕು ವರ್ಷದಿಂದ ಮೇಲಿನ ಸಾಲು ಒಂದೇ: ಹರ್ಮನ್ ರೀಚ್, ಒಂಬತ್ತು ತಾಸು ನಲವತ್ತು ನಿಮಿಷ. ಪ್ರೊಫೆಸರು ಬರೆದ ಪ್ರಬಂಧಗಳ ಕೊನೆಯಲ್ಲಿ ‘ಸಿಬ್ಬಂದಿಗೆ ವಂದನೆ’ ಎಂದಿರುತ್ತದೆ, ಅಷ್ಟೆ. ಪ್ರಪಂಚದಲ್ಲಿ ನನ್ನ ಹೆಸರು ಕೆಲಸದ ಜತೆ ಸೇರಿ ಬರೆದಿರುವ ಜಾಗ ಆ ಬೀರುವಿನ ಬಾಗಿಲೊಂದೇ. ಅದರ ಕಟ್ಟಳೆಯನ್ನೂ ನಾನೇ ಮಾಡಿದ್ದೆ: ದಾಖಲೆ ಯಾರಾದರೂ ಮುರಿದರೆ, ಸೋತವನು ತನ್ನ ಕೈಯಾರೆ ಗೆದ್ದವರ ಹೆಸರನ್ನು ಮೇಲೆ ಬರೆಯಬೇಕು. ಬರೆಯುವ ಪ್ರಸಂಗ ನನಗೇ ಬಂದೀತು ಎಂದು ಎಣಿಸಿರಲಿಲ್ಲ.

ಅಸುಂತಾ ಒಂಬತ್ತು ವರ್ಷದವಳಿದ್ದಾಗ ಇಟಲಿಯ ಬೆಟ್ಟದೂರೊಂದರಿಂದ ತಾಯಿಯ ಸೆರಗು ಹಿಡಿದು ಬಂದವಳು. ಹದಿನೇಳಕ್ಕೆ ಗಂಡಸರ ಸೂಟು ಹೊಲಿಯುವ ಕಾರ್ಖಾನೆ ಸೇರಿದಳು. ಮೂವತ್ತೊಂದು ವರ್ಷ ಕಾಲರು, ಗುಂಡಿ ಕಾಜ, ಕಾಲರು, ಗುಂಡಿ ಕಾಜ. ಗಂಡನ ಹೆಸರು ನೀನೋ, ಕ್ಷೌರಿಕ. ಅವನ ಅಂಗಡಿ ಮುಚ್ಚಿದ ವರ್ಷವೇ ಅವನೂ ಹೋದ. ಮಗಳು ಬಫಲೋ ಊರಿನಲ್ಲಿ ನರ್ಸು. ಕಾರ್ಖಾನೆ ಬಾಗಿಲು ಹಾಕಿದಾಗ ಇವಳಿಗೆ ನಲವತ್ತೆಂಟು. ಕೆಲವು ವರ್ಷ ಮದುವೆಯ ಬಟ್ಟೆ ತಿದ್ದಿಕೊಂಡಿದ್ದಳು. ಆಮೇಲೆ ಯಾರೋ ಹೇಳಿದರಂತೆ, ವಿಶ್ವವಿದ್ಯಾಲಯದಲ್ಲಿ ಗಾಜಿನ ಎಳೆ ಬೆಸೆಯಲು ಅಲುಗಾಡದ ಕೈ ಬೇಕಾಗಿದೆ ಎಂದು.

ಮೊದಲ ದಿನ ಪ್ರೊಫೆಸರು ಅವಳನ್ನು ನನ್ನ ಮುಂದೆ ತಂದು ನಿಲ್ಲಿಸಿದರು. ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ, ಅದರ ತುಂಬ ಸೂಜಿ ನೂಲು.

"ಇಲ್ಲಿ ಗುಂಡಿ ಹಾಕೋ ಕೆಲ್ಸ ಇಲ್ಲಮ್ಮ," ಎಂದೆ.

"ಗೊತ್ತು ಯಜಮಾನ್ರೇ. ನಿಮ್ಮ ಕೋಟಿನ ಗುಂಡಿ ನೋಡಿದ್ರೇ ಗೊತ್ತಾಗ್ತದೆ," ಎಂದಳು.

ನನ್ನ ಕೋಟಿನಲ್ಲಿ ಎರಡು ಗುಂಡಿ ಇರಲಿಲ್ಲ.

ಅವತ್ತು ಅವಳು ನಲವತ್ತು ಎಳೆ ಬೆಸೆದಳು. ಒಂದೂ ಮುರಿಯಲಿಲ್ಲ. ಹೊಸದರಲ್ಲಿ ನಾನು ಒಂದು ಡಬ್ಬಿ ಎಳೆ ಪುಡಿ ಮಾಡಿದ್ದೆ. ಬೆಸುಗೆಯಲ್ಲಿ ಎಷ್ಟು ಬೆಳಕು ಸೋರುತ್ತದೆ ಎಂದು ಅಳೆದು ನೋಡಿದೆ, ನನ್ನದಕ್ಕಿಂತ ಕಡಿಮೆ. ಮೀಟರು ಕೆಟ್ಟಿರಬೇಕೆಂದು ಬೇರೆ ಮೀಟರು ತಂದೆ. ಅದೂ ಅವಳ ಕಡೆಗೇ ಸಾಕ್ಷಿ ಹೇಳಿತು.

ಅಲ್ಲಿಂದ ಮುಂದೆ ಅವಳ ಯಾವುದನ್ನು ಕಂಡರೂ ನನಗೆ ಒಳಗೆ ಚುರ್ ಎನ್ನುತ್ತಿತ್ತು. ಮಧ್ಯಾಹ್ನ ಫ್ಲಾಸ್ಕು ತೆರೆದರೆ ಬೆಳ್ಳುಳ್ಳಿಯಲ್ಲಿ ಬೆಂದ ಸೊಪ್ಪು, ಬಿಳಿ ಬೀನ್ಸು, ಕೋಣೆಯೆಲ್ಲ ಘಮ್. ನನ್ನದು ಊರವರೇ ‘ಕಸದ ತಟ್ಟೆ’ ಎಂದು ಪ್ರೀತಿಯಿಂದ ಕರೆಯುವ ಆಲೂಗಡ್ಡೆ, ಮ್ಯಾಕರೋನಿ, ಖಾರದ ಮಾಂಸದ ಗುಡ್ಡೆ. ಮೂವತ್ತು ವರ್ಷ ಅದನ್ನು ಚಪ್ಪರಿಸಿ ತಿಂದವನಿಗೆ ಅವಳ ಎದುರು ಅದು ಹೆಸರಿಗೆ ತಕ್ಕ ಹಾಗೆ ಕಾಣತೊಡಗಿತು. ಪ್ರೊಫೆಸರು ಮೊದಲು ನನ್ನ ಮೇಜಿನ ಬಳಿ ನಿಂತು ಕಾಫಿ ಕುಡಿಯುತ್ತಿದ್ದರು. ಚಳಿಗಾಲ ಬರುವ ಹೊತ್ತಿಗೆ ಕಾಫಿ ಅವಳ ಮೇಜಿಗೆ ಹೋಗಿತ್ತು.

ಫೆಬ್ರವರಿಯಲ್ಲಿ ನನ್ನ ಸಾಣೆ ಯಂತ್ರದ ಚರ್ಮದ ಪಟ್ಟಿ ಕಿತ್ತುಹೋಯಿತು. ಪಕ್ಕದ ಕೋಣೆಯಲ್ಲಿದ್ದ ಆ ಯಂತ್ರ ನಾನೇ ಕಟ್ಟಿದ್ದು. ಕಾಲುಚೀಲ ನೇತಾಡುವಾಗ ಅದನ್ನು ಯಾರೂ ಮುಟ್ಟಕೂಡದು ಎಂದು ನಾನೇ ಬೋರ್ಡು ಬರೆದು ಹಾಕಿದ್ದೆ, ಅದರ ಅದುರು ನೆಲದ ಮೂಲಕ ನೇರ ಸುರುಳಿಗೆ ಬರುತ್ತಿತ್ತು. ಹೊಸ ಪಟ್ಟಿ ಬರಲು ತಿಂಗಳು ಬೇಕು. ನಾನು ಬೈದುಕೊಂಡು ಕೂತಿದ್ದಾಗ ಅಸುಂತಾ ಮೇಣದ ನೂಲು ತಂದು, ಎರಡು ತುದಿ ಒಂದರ ಮೇಲೊಂದಿಟ್ಟು ಹೊಲಿದಳು.

"ಕಾಲರು ಹೊಲಿಯೋರ ಹೊಲಿಗೆ ನನ್ನ ಯಂತ್ರಕ್ಕೆ ತಡೀತದಾ?" ಎಂದೆ.

"ನಿಮ್ಮ ಮಾತನ್ನೇ ತಡೀತೀನಿ, ಯಂತ್ರ ಯಾವ ಲೆಕ್ಕ?"

ತಡೆಯಿತು. ಹೊಲಿಗೆ ದಪ್ಪಗಿದ್ದ ಕಡೆ ಮಾತ್ರ, ಪಟ್ಟಿ ಚಕ್ರ ಹಾಯುವಾಗಲೆಲ್ಲ ಟುಕ್ ಎಂದು ಸಣ್ಣಗೆ ಕುಂಟುತ್ತಿತ್ತು. ಟುಕ್, ಟುಕ್, ಟುಕ್. ವಂದನೆ ಹೇಳುವ ಬದಲು ಆ ಸದ್ದನ್ನೇ ಹಿಡಿದು ಎರಡು ದಿನ ಗೊಣಗಿದೆ.

ವಸಂತಕ್ಕೆ ಪ್ರೊಫೆಸರು ಒಂಟಿಯನ್ನು ನೋಡಿಕೊಳ್ಳುವ ಪಾಳಿ ಹಂಚಿದರು. ಸೋಮವಾರ, ಗುರುವಾರ ನನಗೆ. ಮಂಗಳವಾರ ಅವಳಿಗೆ. ನನ್ನ ಎದೆಯ ಮೇಲೆ ಯಾರೋ ಬೂಟುಗಾಲಿಟ್ಟ ಹಾಗಾಯಿತು.

ನನ್ನ ಪದ್ಧತಿ ಎಲ್ಲರಿಗೂ ಗೊತ್ತಿತ್ತು. ಶ್ರುತಿಯ ಅಂತರವನ್ನು ಹೆಚ್ಚಿಸುತ್ತ ಹೋದಂತೆ ಒಂಟಿ ಎತ್ತರವಾಗುತ್ತದೆ, ಮೊನಚಾಗುತ್ತದೆ. ಅಂಚಿಗೆ ಒಂದು ಕೂದಲು ಇರುವಾಗ ಅದರ ಚೆಲುವು ನೋಡಬೇಕು, ಪರದೆಯ ಮೇಲೆ ಸೂಜಿಯ ಹಾಗೆ ನಿಲ್ಲುತ್ತದೆ. ನಾನು ಅಲ್ಲೇ ನಿಲ್ಲಿಸುತ್ತಿದ್ದೆ. ಲೆನ್ಸು ಸಾಣೆ ಹಿಡಿಯುವವನು ಗುರುತಿನ ಗೆರೆಯ ತನಕ ಹೋಗಲೇಬೇಕು. ಗೆರೆಗೆ ಮುಂಚೆ ಕೈ ತೆಗೆದವನನ್ನು ನಮ್ಮಲ್ಲಿ ಕೆಲಸಗಾರ ಅನ್ನುವುದಿಲ್ಲ. ಅಂಚಿನಲ್ಲಿ ನಿಲ್ಲಿಸಿ, ಸುತ್ತಲಿನ ಗದ್ದಲವನ್ನೆಲ್ಲ ಕತ್ತು ಹಿಸುಕಿ ಕೊಲ್ಲುವುದು, ಇದೇ ನನ್ನ ವಿದ್ಯೆ.

ಅವಳು ಎರಡು ತಿಂಗಳು ಮಂಗಳವಾರಗಳಲ್ಲಿ ಮಾಡಿದ್ದು ಒಂದೇ ಕೆಲಸ, ಒಂಟಿಗಳನ್ನು ಬೇಕೆಂದೇ ಸಾಯಿಸುವುದು. ಮೇಜಿನ ಮೇಲೆ ಚಿಕ್ಕ ಸ್ಪೀಕರು ಇಟ್ಟು, ರೇಡಿಯೋದಲ್ಲಿ ಎರಡು ಸ್ಟೇಷನ್‌ಗಳ ನಡುವೆ ಬರುವ ಬುಸ್ ಶಬ್ದ ಹಾಕಿ, ಸ್ವಲ್ಪ ಸ್ವಲ್ಪವೇ ಏರಿಸುವಳು. ಈ ಶ್ರುತಿಯಲ್ಲಿ ಇಷ್ಟು ಗದ್ದಲಕ್ಕೆ ಸತ್ತಿತು, ಆ ಶ್ರುತಿಯಲ್ಲಿ ಅಷ್ಟಕ್ಕೆ ಸತ್ತಿತು ಎಂದು ಪೆಟ್ಟಿಗೆಯ ಮಗ್ಗುಲಲ್ಲಿ, ಶ್ರುತಿ ತಿರುಗಿಸುವ ಗುಬುಟಿನ ಸುತ್ತ, ದರ್ಜಿಯ ಬಳಪದಿಂದ ಗೀಟು ಹಾಕುವಳು.

ನನಗೆ ತಡೆಯಲಾಗಲಿಲ್ಲ. "ಸಾಯದ ಹಾಗೆ ನೋಡ್ಕೊಳ್ಳೋದು ನಮ್ಮ ಕೆಲ್ಸ ಕಣಮ್ಮ, ಹೆಣ ಎಣಿಸೋದಲ್ಲ."

"ಎಲ್ಲಿ ಹರೀತದೆ ಅಂತ ಗೊತ್ತಿಲ್ದೆ ಎಲ್ಲಿ ಹೊಲೀಲಿ ಯಜಮಾನ್ರೇ?"

"ಗದ್ದಲ ಓಡ್ಸೋಕೆ ನಾನು ಗಡಿಯಾರ ಕಿತ್ತಾಕಿದೀನಿ. ನೀನು ರೇಡಿಯೋ ತಂದು ಕೂರ್ಸಿದೀಯ!"

"ನಿಮ್ಮ ಗಡಿಯಾರ ಹೋಯ್ತು ಸರಿ. ಹಿಮದ ಲಾರೀನ ಎಲ್ಲಿಗೆ ಕಿತ್ತಾಕ್ತೀರಾ?"

ಕೊನೆಗೆ ಅವಳು ಆರಿಸಿಕೊಂಡ ಶ್ರುತಿ ಎರಡೂ ಅಂಚಿನಿಂದ ದೂರ, ಗೀಟುಗಳ ನಡುವೆ. ಅಲ್ಲಿನ ಒಂಟಿ ಕುಳ್ಳು, ಅಗಲ, ನೋಡಲು ಏನೇನೂ ಚೆಂದವಿಲ್ಲ.

"ಇದೇನು ಒಂಟೀನೋ ಕುಂಬಳಕಾಯೋ?" ಎಂದು ನಕ್ಕೆ.

"ಬಟ್ಟೆ ಬಿಟ್ಟು ಹೊಲಿದಿದೀನಿ," ಎಂದಳು, ಸೂಜಿಗೆ ನೂಲು ಪೋಣಿಸುತ್ತ. "ಗಂಡಸು ಅಂದ್ಮೇಲೆ ಉಣ್ತಾನೆ, ಕೂರ್ತಾನೆ, ಬಗ್ತಾನೆ. ಅಂಚಿಗೇ ಹೊಲಿದ್ರೆ ಮದುವೆ ದಿನ ಚರ್ಚಿನಲ್ಲೇ ಬೆನ್ನು ಬಿರೀತದೆ. ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟಿದ್ರೆ ಅವನು ಕುಣಿದ್ರೂ ಪರವಾಗಿಲ್ಲ."

ಕೇಳಿ ನಕ್ಕೆನಾದರೂ, ಅವತ್ತು ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ. ಹದಿಮೂರು ವರ್ಷ ಕೋಣೆಯನ್ನು ಸುಮ್ಮನಾಗಿಸುತ್ತ ಕಳೆದವನಿಗೆ, ಒಂಟಿಯನ್ನೇ ಅಂಚಿನಿಂದ ಈಚೆ ಎಳೆಯಬಹುದು ಎಂದು ಹೊಳೆದಿರಲಿಲ್ಲ. ಹೊಳೆದದ್ದು ಗುಂಡಿ ಕಾಜ ಹೊಲಿಯುವವಳಿಗೆ.

ಮೇ ತಿಂಗಳ ಒಂದು ಮಂಗಳವಾರ, ಊರೆಲ್ಲ ಲೈಲಾಕ್ ಹೂವಿನ ವಾಸನೆ. ಬೆಳಿಗ್ಗೆ ಏಳೂ ಹತ್ತಕ್ಕೆ ಅವಳು ಒಂಟಿ ಹುಟ್ಟಿಸಿ ಕಾಲುಚೀಲ ನೇತುಹಾಕಿದಳು. ಆಮೇಲೆ ಕಿವಿಗೆ ಎರಡು ಗುಂಡಿ ಸಿಕ್ಕಿಸಿಕೊಂಡಳು. ಸುರುಳಿಯಿಂದ ಹೊರಬರುವ ಬೆಳಕಿನ ನಡುಕವನ್ನು ಸದ್ದಾಗಿಸಿ ಕೇಳುವ ತಂತಿ ಅದು. ಕಾರ್ಖಾನೆಯಲ್ಲಿ ಇನ್ನೂರು ಯಂತ್ರದ ನಡುವೆ ಯಾವುದರ ಸೂಜಿ ಸೊಟ್ಟಗಾಗಿದೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದಳಂತೆ. ಹಾಗೆ ಗದ್ದಲ ಕೇಳುತ್ತ, ಮೊಮ್ಮಗಳ ಸ್ವೆಟರಿಗೆ ಅಂಚು ಹೊಲಿಯುತ್ತ ಕೂತಳು. ಪರದೆಯ ಗಾಜಿನ ಮೇಲೆ ಒಂಟಿ ನಿಂತ ಜಾಗಕ್ಕೆ ಬಳಪದ ಒಂದು ಗೆರೆ.

ನಾನು ಹತ್ತು ಗಂಟೆಗೆ ಇಣುಕಿದೆ, ಬದುಕಿತ್ತು. ಹನ್ನೆರಡಕ್ಕೆ ಇಣುಕಿದೆ, ಬದುಕಿತ್ತು. ಬೀದಿಯಲ್ಲಿ ಕಸದ ಲಾರಿ ಹೋಯಿತು, ಗೂಡ್ಸು ರೈಲು ಹೋಯಿತು. ಒಂಟಿ ಸ್ವಲ್ಪ ತೂಗಾಡಿ, ಮತ್ತೆ ಅದೇ ಕುಳ್ಳ ಮೈಕಟ್ಟಿಗೆ ಬಂದು ನಿಂತಿತು. ಅದರ ಗುಣವೇ ಅದು. ಸುತ್ತು ಸುತ್ತಿಗೂ ಹಳೆಯ ಬೆಳಕು ಸೋರಿ ಹೊಸತು ತುಂಬುವುದರಿಂದ, ತಿಂದ ಏಟಿನ ಗುರುತು ಅದರ ಮೈಯಲ್ಲಿ ಉಳಿಯುವುದಿಲ್ಲ. ನನ್ನ ಮೈ ಹಾಗಲ್ಲ. ನನ್ನದು ಏನೂ ಸೋರುವುದಿಲ್ಲ.

ಎರಡೂವರೆಗೆ ಲೆಕ್ಕ ಹಾಕಿದೆ. ಏಳು ತಾಸು ಇಪ್ಪತ್ತು ನಿಮಿಷ. ನಾಲ್ಕೂ ಐವತ್ತಕ್ಕೆ ನನ್ನ ಸಾಲು ಕೆಳಗೆ ಬೀಳುತ್ತದೆ. ಓಣಿಯಲ್ಲಿ ನಿಂತು ಕೆಂಪು ಕಾಲುಚೀಲವನ್ನೇ ನೋಡಿದೆ. ನನ್ನ ಕಾಲುಚೀಲ, ಅವಳ ತೇಪೆ.

ಆಗ ಮಾಡಬಾರದ್ದು ಮಾಡಿದೆ. ಪಕ್ಕದ ಕೋಣೆಗೆ ಹೋಗಿ, ನಾನೇ ಬರೆದ ಬೋರ್ಡಿನ ಕೆಳಗೆ ನಿಂತು, ಸಾಣೆ ಯಂತ್ರದ ಗುಂಡಿ ಒತ್ತಿದೆ. ಎರಡೂ ನಲವತ್ತು. ಮೊದಲು ನಿಧಾನ ವೇಗ. ಗೋಡೆಗೆ ಕಿವಿಯಿಟ್ಟೆ, ಆಚೆಯಿಂದ ಉದ್ಗಾರವಿಲ್ಲ, ಕುರ್ಚಿ ಸರಿದ ಸದ್ದಿಲ್ಲ. ವೇಗ ಏರಿಸಿದೆ. ನೆಲ ಅಂಗಾಲಿಗೆ ಜುಮ್ ಎನ್ನತೊಡಗಿತು. ಇನ್ನೂ ಏರಿಸಿದೆ. ನನ್ನ ಎತ್ತರದ ಒಂಟಿಯಾಗಿದ್ದರೆ ಮೊದಲ ಗಳಿಗೆಯಲ್ಲೇ ಹೆಣ ಬಿದ್ದಿರುತ್ತಿತ್ತು. ಸಾಯಿ, ಸಾಯಿ ಎಂದು ಹಲ್ಲು ಕಚ್ಚಿ ಹೇಳಿದೆ. ಅರವತ್ತೇಳು ವರ್ಷದ ಗಂಡಸು, ಬೆಳಕಿನ ಒಂದು ಚೂರಿಗೆ ಶಾಪ ಹಾಕುತ್ತಿದ್ದೆ. ಹದಿನೈದು ನಿಮಿಷ ಕಳೆದ ಮೇಲೆ ಕೈ ಸೋತು ಯಂತ್ರ ನಿಲ್ಲಿಸಿದೆ.

ಬೂಟು ಕಳಚಿ, ಏನೂ ಅರಿಯದವನಂತೆ ಒಳಗೆ ಹೋದೆ. ಅಸುಂತಾ ಹೊಲಿಯುತ್ತಲೇ ಇದ್ದಳು. ಪರದೆಯ ಮೇಲೆ ಒಂಟಿ ಇತ್ತು. ಅದೇ ಕುಳ್ಳು, ಅದೇ ಅಗಲ. ಆದರೆ ಬಳಪದ ಗೆರೆಯ ಕೆಳಗಿರಲಿಲ್ಲ. ಒಂದು ಬೆರಳಿನಷ್ಟು ಬಲಕ್ಕೆ ಸರಿದು ನಿಂತಿತ್ತು. ಗದ್ದಲ ತಿಂದ ಒಂಟಿಗೆ ಮೈಕಟ್ಟು ಮರಳಿ ಬರುತ್ತದೆ, ಇದ್ದ ಜಾಗ ಮರಳಿ ಬರುವುದಿಲ್ಲ. ಸುತ್ತಿನಲ್ಲಿ ಯಾವ ಜಾಗವಾದರೂ ಅದಕ್ಕೆ ಒಂದೇ, ತಳ್ಳಿದ ಕಡೆಗೆ ಸರಿದು ಅಲ್ಲೇ ಬಾಳುತ್ತದೆ.

ಅವಳು ಸರಿದದ್ದನ್ನು ನೋಡಿದಳು. ನನ್ನನ್ನು ನೋಡಿದಳು. ಕಿವಿಯಿಂದ ಒಂದು ಗುಂಡಿ ತೆಗೆದಳು.

"ಚಹಾ ಕುಡೀತೀರಾ?" ಎಂದಳು.

"ಬೇಡ," ಎಂದೆ.

ನಾಲ್ಕೂ ಐವತ್ತು ಬಂತು, ಹೋಯಿತು. ಐದೂ ಕಾಲಿಗೆ ಪ್ರೊಫೆಸರ್ ಗ್ಯಾಲೋವೇ ಕಾಲುಚೀಲದಲ್ಲಿ ಜಾರಿಕೊಂಡು ಬಂದರು, ಮಗುವಿನ ಹಾಗೆ ಮುಖ ಅರಳಿತ್ತು. ದಿನದ ದಾಖಲೆಯನ್ನು ಪರದೆಯ ಮೇಲೆ ಹಿಂದಕ್ಕೆ ಓಡಿಸಿ ನೋಡುತ್ತ ಬಂದವರು ಒಂದು ಕಡೆ ನಿಂತರು. ಅಲ್ಲಿ ತೆಳುವಾದ ಗೆರೆ ಹದಿನೈದು ನಿಮಿಷ ಊದಿಕೊಂಡು ಕಂಬಳಿಹುಳದ ಹಾಗಿತ್ತು.

"ಎರಡೂ ನಲವತ್ತಕ್ಕೆ ಏನಾಯ್ತು ಇದು? ಇಷ್ಟು ಗದ್ದಲ ಎಲ್ಲಿಂದ ಬಂತು?"

ಲಾರಿ ಎನ್ನಬಹುದಿತ್ತು. ಲಿಫ್ಟು ಎನ್ನಬಹುದಿತ್ತು.

"ಹರ್ಮನ್ ಸಾಣೆ ಯಂತ್ರ ಓಡ್ಸಿ ಪರೀಕ್ಷೆ ಮಾಡಿದ್ರು ಸಾರ್," ಎಂದಳು ಅಸುಂತಾ, ತಲೆಯೆತ್ತದೆ. "ನನ್ನ ರೇಡಿಯೋ ಗದ್ದಲ ಬರೀ ಬುಸ್ ಬುಸ್. ನಿಜವಾದ ಗದ್ದಲಕ್ಕೆ ತಡೀತದಾ ಅಂತ ನೋಡ್ಬೇಕಿತ್ತಲ್ಲ."

"ಹರ್ಮನ್!" ಪ್ರೊಫೆಸರು ನನ್ನ ಭುಜ ಹಿಡಿದು ಅಲುಗಿಸಿದರು. "ಎಂಥಾ ಯೋಚನೆ ಮಾರಾಯ! ನಿನ್ನ ದಾಖಲೆ ಮುರಿಯೋ ದಿನವೇ ನೀನು ಇಷ್ಟು ದೊಡ್ಡ ಮನಸ್ಸು ಮಾಡಿದೀಯಲ್ಲ. ಪ್ರಬಂಧದಲ್ಲಿ ನಿನ್ನ ಹೆಸರು ಹಾಕ್ತೀನಿ, ನೋಡ್ತಿರು."

ಹದಿಮೂರು ವರ್ಷ ಕಾದ ಮಾತು ಅದು. ಅದು ಬಂದದ್ದು ಹೀಗೆ. ಅವರು ಹೋದ ಮೇಲೆ ನಾನು ಬಾಗಿಲು ಮುಚ್ಚಿ ಅವಳ ಕಡೆ ತಿರುಗಿದೆ.

"ನಾನೇ ಅಂತ ಹೆಂಗ್ ಗೊತ್ತಾಯ್ತು?"

ಅವಳು ಕಿವಿಯ ಗುಂಡಿಯೊಂದನ್ನು ನನ್ನ ಕಿವಿಗಿಟ್ಟು, ದಾಖಲೆಯನ್ನು ಎರಡೂ ನಲವತ್ತಕ್ಕೆ ಓಡಿಸಿದಳು. ಸಮುದ್ರದ ಮೊರೆತದಂಥ ಗದ್ದಲ. ಅದರ ಒಳಗೆ, ದೂರದಲ್ಲಿ ಯಾರೋ ಕುಂಟುತ್ತ ನಡೆದ ಹಾಗೆ: ಟುಕ್, ಟುಕ್, ಟುಕ್.

"ಪಟ್ಟಿ ಹೊಲಿದೋಳು ನಾನು. ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ?"

"ಕೇಳ್ತಾ ಇದ್ದೆ ಅಂದ್ರೆ ಬಂದು ನಿಲ್ಲಿಸಬಾರದಿತ್ತಾ? ಹದಿನೈದು ನಿಮಿಷ!"

"ಯಾಕೆ ನಿಲ್ಲಿಸ್ಲಿ? ಅದೂ ನನ್ನ ಹೊಲಿಗೆ, ಇದೂ ನನ್ನ ಹೊಲಿಗೆ. ಯಾವ್ದು ಮೊದ್ಲು ಹರೀತದೆ ನೋಡೋಣ ಅಂತ ಕೂತಿದ್ದೆ."

ನನಗೆ ಒಂದು ಬೈಗುಳವಾದರೂ ಬೇಕಿತ್ತು. ಅವಳು ಡಬ್ಬಿಗೆ ಸೂಜಿ ಹಾಕಿ ಮುಚ್ಚಿದಳು. ಒಂಟಿ ಇನ್ನೂ ಬದುಕಿತ್ತು. ಆರೂ ಹತ್ತಕ್ಕೆ, ಹನ್ನೊಂದು ತಾಸು ತುಂಬಿದ ಮೇಲೆ, ಬಸ್ಸಿಗೆ ಹೊತ್ತಾಯಿತೆಂದು ಅವಳೇ ಲೇಸರ್ ಆರಿಸಿ ಹೋದಳು. ಅದು ಸಾಯಲಿಲ್ಲ, ಅವಳು ಮಲಗಿಸಿದಳು ಅಷ್ಟೆ. ಅದೂ ನನಗೆ ಚುಚ್ಚಿತು.

ಬುಧವಾರ ಬೀರುವಿನ ಮೇಲೆ ಬರೆಯಲಿಲ್ಲ. ಹಳದಿ ಕಡ್ಡಿ ಕಳೆದಿದೆ ಎಂದೆ. ಗುರುವಾರವೂ ಕಳೆದೇ ಇತ್ತು, ನನ್ನ ಜೇಬಿನಲ್ಲಿ. ಪ್ರೊಫೆಸರು ಎದುರು ಸಿಕ್ಕಾಗಲೆಲ್ಲ ದೊಡ್ಡ ಮನಸ್ಸಿನ ಹರ್ಮನ್ ಎಂದು ಬೇರೆಯವರಿಗೆ ತೋರಿಸುವರು. ಆ ಮಾತು ನನ್ನ ಮೈಗೆ ಯಾರದೋ ಅಳತೆಯ ಕೋಟು ತೊಡಿಸಿದ ಹಾಗಿತ್ತು. ಹೊಲಿದವಳು ಅವಳು. ಅದರ ಅಂಚಿಗೂ ಎರಡು ಬೆರಳು ಬಟ್ಟೆ ಬಿಟ್ಟಿದ್ದಳು, ನಾನು ಎಷ್ಟು ಹೊರಳಾಡಿದರೂ ಹರಿಯದ ಹಾಗೆ. ಪ್ರಬಂಧದಲ್ಲಿ ನನ್ನ ಹೆಸರು ಬಂದರೆ ಅದು ಅವಳು ಕೊಟ್ಟ ಹೆಸರು. ಬೀರುವಿನ ಮೇಲಿನ ಸಾಲು ಅವಳದು, ಪ್ರಬಂಧದ ಸಾಲೂ ಅವಳದೇ. ನನಗೇನು ಉಳಿಯಿತು?

ಶುಕ್ರವಾರ ಬೆಳಿಗ್ಗೆ ಕಡ್ಡಿ ತೆಗೆದೆ. ಪ್ರೊಫೆಸರು, ಅಸುಂತಾ ಇಬ್ಬರೂ ಇದ್ದರು. ಮೇಲೆ ಬರೆದೆ: ಅಸುಂತಾ ಮಾರ್ಕೆಟಿ, ಹನ್ನೊಂದು ತಾಸು. ಕೈ ನಿಲ್ಲಿಸಲಿಲ್ಲ. ಅದರ ಕೆಳಗೇ ಬರೆದೆ: ನಡುವೆ ಹದಿನೈದು ನಿಮಿಷ ಸಾಣೆ ಯಂತ್ರದ ಗದ್ದಲ. ಕೊಲ್ಲಲೆಂದೇ ಹಾಕಿದ್ದು. ಹ. ರೀಚ್.

ಪಶ್ಚಾತ್ತಾಪದಿಂದ ಬರೆದೆ ಎಂದು ಹೇಳಿದರೆ ಸುಳ್ಳಾದೀತು. ಅವಳು ತೊಡಿಸಿದ ಕೋಟು ಕಿತ್ತೆಸೆಯಲು ಬರೆದೆ. ನನ್ನ ಕೆಟ್ಟತನವಾದರೂ ನನ್ನದಾಗಿ ಇರಲಿ ಎಂದು ಬರೆದೆ.

ಪ್ರೊಫೆಸರು ಎರಡು ಸಲ ಓದಿದರು. ಮುಖದ ಮೇಲಿನ ಬೆಳಕು ನಿಧಾನವಾಗಿ ಇಳಿಯಿತು. "ಸಾಣೆ ಕೋಣೆಯ ಬೀಗದ ಕೈ ಕೊಡಿ ಹರ್ಮನ್," ಎಂದರು. ಅಲ್ಲಿಯ ತನಕ ನನಗೆ ನೀನು ಎನ್ನುತ್ತಿದ್ದವರು ಅವತ್ತು ಬಹುವಚನ ಹಿಡಿದರು. ಬೀಗದ ಕೈ ತೆಗೆದುಕೊಟ್ಟೆ. ಪ್ರಬಂಧದ ಮಾತು ಮತ್ತೆ ಬರಲಿಲ್ಲ.

ಅಸುಂತಾ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. "ನನ್ನ ಹೆಸರನ್ನ ಸೊಟ್ಟಗೆ ಬರ್ದಿದೀರಿ. ನಿಮ್ಮದನ್ನ ಮಾತ್ರ ಎಷ್ಟು ನೇರಕ್ಕೆ ಬರ್ದಿದೀರಿ, ಮುದುಕ!"

"ಅಳಿಸಿ ಬರೀಲಾ?"

"ಬೇಡ ಬಿಡಿ. ಇರ್ಲಿ. ಕೈ ನಡುಗಿದ್ದು ಕಾಣ್ಬೇಕು."

ಮುಂದಿನ ಗುರುವಾರ ನನ್ನ ಪಾಳಿ. ಅವಳ ಬಳಪದ ಗೀಟು ಪೆಟ್ಟಿಗೆಯ ಮೇಲೆ ಕಣ್ಣಿಗೆ ಹೊಡೆಯುವ ಹಾಗಿತ್ತು. ಗುಬುಟನ್ನು ಆ ಗೀಟುಗಳ ನಡುವೆಯೇ ಇಟ್ಟಿದ್ದರೆ ನನ್ನ ಒಂಟಿಯೂ ಹನ್ನೆರಡು ತಾಸು ಬಾಳುತ್ತಿತ್ತು. ಅದು ನನಗೆ ಗೊತ್ತಿತ್ತು, ಕೈಗೂ ಗೊತ್ತಿತ್ತು. ತಿರುಗಿಸಿದೆ. ಪರದೆಯ ಮೇಲೆ ಆ ಕುಂಬಳಕಾಯಿ ಬಂದು ಕೂತಿತು. ನಾಲ್ಕು ನಿಮಿಷ ನೋಡಿದೆ. ಆಮೇಲೆ ಗುಬುಟನ್ನು ಅಂಚಿನ ಕಡೆಗೇ ಒಯ್ದೆ. ಒಂಟಿ ಎದ್ದಿತು, ಸೂಜಿಯ ಹಾಗೆ ನಿಂತಿತು. ಅಸುಂತಾ ಹೊಲಿಗೆ ನಿಲ್ಲಿಸಿ ನೋಡಿದಳು.

"ಚೆಂದ ಇದೆ ಯಜಮಾನ್ರೇ," ಎಂದಳು. ತಮಾಷೆಯ ದನಿ ಅದಾಗಿರಲಿಲ್ಲ. "ಇಷ್ಟು ತೆಳ್ಳಗೆ ನನಗೆ ಬರಲ್ಲ."

ನಲವತ್ತು ನಿಮಿಷಕ್ಕೆ ಅದು ಆರಿತು.

ಮುಂದಿನ ವರ್ಷ ನಾನು ನಿವೃತ್ತನಾದೆ. ಅವಳು ಇನ್ನೂ ಆರು ವರ್ಷ ಇದ್ದಳು. ಈಗ ಊರಂಚಿನ ಇರಾಂಡಿಕ್ವಾಟಿನ ಮನೆಯಲ್ಲಿ ಅಂಜೂರದ ಗಿಡ ನೋಡಿಕೊಂಡಿದ್ದಾಳೆ. ನಮ್ಮ ಹಿಮದಲ್ಲಿ ಅಂಜೂರ ಬದುಕುವುದಿಲ್ಲ. ಅದಕ್ಕೆ ನವೆಂಬರಿನಲ್ಲಿ ಗಿಡವನ್ನು ಬಗ್ಗಿಸಿ, ನೆಲದಲ್ಲಿ ಹೊಂಡ ತೋಡಿ ಮಲಗಿಸಿ, ಕಂಬಳಿ ಹೊದಿಸಿ ಮಣ್ಣು ಮುಚ್ಚುತ್ತಾಳೆ. ವಸಂತದಲ್ಲಿ ಎಬ್ಬಿಸುತ್ತಾಳೆ. ಹೋದ ಸೆಪ್ಟೆಂಬರಿನಲ್ಲಿ ಒಂದು ಬುಟ್ಟಿ ಹಣ್ಣು ಕಳಿಸಿದ್ದಳು. ನನ್ನ ಹಿತ್ತಲಿನಲ್ಲೂ ಎರಡು ಗಿಡ ಹಾಕಿದ್ದೆ, ಸುತ್ತ ಗೋಡೆ ಕಟ್ಟಿ, ಗಾಳಿಯೇ ಹೋಗದ ಹಾಗೆ. ಎರಡೂ ನಿಂತಲ್ಲೇ ಒಣಗಿದವು.

ಪ್ರಯೋಗಶಾಲೆ ಹೊಸ ಕಟ್ಟಡಕ್ಕೆ ಹೋಗುವಾಗ ಬೀರುವನ್ನೂ ಒಯ್ದರಂತೆ. ಈಗ ಅದರ ಮೇಲೆ ಬೇರೆ ಯಾರದೋ ಹೆಸರು, ನೂರಾರು ತಾಸು. ಅಸ್ಪಷ್ಟವಾಗಿ ಕೆಳಗೆ ಅವಳ ಸಾಲಿದೆ, ಅದಕ್ಕೂ ಕೆಳಗೆ ನನ್ನದು. ಹೋದ ತಿಂಗಳು ನೋಡಲು ಹೋಗಿದ್ದೆ. ಬಾಗಿಲ ಹಿಡಿಯಲ್ಲಿ ಅದೇ ಹಳೆಯ ಕೆಂಪು ಕಾಲುಚೀಲವಿತ್ತು. ಬೂಟು ಕಳಚುವ ಮುಂಚೆ ಅದರ ಹಿಮ್ಮಡಿಯನ್ನು ತಿರುವಿ, ಬೆರಳಾಡಿಸಿ ನೋಡಿದೆ. ತೇಪೆ ಸಿಗಲಿಲ್ಲ.